ಮಾಸ್ತರಿಗೊಂದು ಕಾಗದ: 7.42ರ ಲೋಕಲ್, ಅತ್ತೆಯ ಹಾಸಿಗೆ, ಬಾರಿನ ಗಲ್ಲೆ

ಈ ತಿಂಗಳು ಕಾಗದಗಳು ಜಾಸ್ತಿ ಬಂದಿವೆ. ಹೋದ ಸಲ ಬುದ್ಧಪೂರ್ಣಿಮೆಯ ನೆಪದಲ್ಲಿ ಇಗತ್‌ಪುರಿಯ ವಿಪಶ್ಯನ ಧ್ಯಾನಕೇಂದ್ರದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದೇ ಕಾರಣ ಇರಬೇಕು. ಹೆಚ್ಚಿನವು ವಾಟ್ಸಾಪಿನಲ್ಲಿ ಬಂದವು. ಸಂಪಾದಕರು ಪಾಪ, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಡೊಂಬಿವಲಿಗೆ ಕಳಿಸುತ್ತಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಮೊಬೈಲಿನಲ್ಲಿ ಓದುವುದು ಕಷ್ಟ.

ಹತ್ತರಲ್ಲಿ ಒಂಬತ್ತು ಜನ ಕೇಳುವುದು ಒಂದೇ: ನೆಮ್ಮದಿ. ಅದು ನನ್ನ ಹತ್ತಿರ ಸ್ಟಾಕ್ ಇಲ್ಲ ಮಾರಾಯ್ರೇ. ಹೊಸ ಓದುಗರಿಗೆ ಇನ್ನೊಂದು ಸಲ ಹೇಳುತ್ತೇನೆ, ನಾನು ಗುರು ಅಲ್ಲ. ಹಗಲು ಪರೇಲಿನ ಒಂದು ಮಿಲ್ಲಿನ ಟೈಮ್ ಆಫೀಸಿನಲ್ಲಿ ಗುಮಾಸ್ತ, ಸಂಜೆ ರಾತ್ರಿಶಾಲೆಯಲ್ಲಿ ಕನ್ನಡ ಮಾಸ್ತರು, ಇಷ್ಟೇ ನನ್ನ ಬದುಕು. ಪಾಲಿ ಕಲಿತದ್ದು ನಿವೃತ್ತಿಯ ನಂತರ, ಅದೂ ಅರ್ಧಂಬರ್ಧ.

ಮಾಸ್ತರೇ, ನಮಸ್ಕಾರ. ಮಾರ್ಚಿನಲ್ಲಿ ಇಗತ್‌ಪುರಿಯ ಹತ್ತು ದಿನದ ಶಿಬಿರ ಮಾಡಿ ಬಂದೆ. ಸ್ವರ್ಗ ಅನ್ನಿಸಿತು. ಮನೆಗೆ ಬಂದ ಮಾರನೇ ದಿನವೇ ಗಂಡನ ಮೇಲೆ ಕೂಗಾಡಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು ಅಂತ ಅಲ್ಲಿ ಹೇಳಿದ್ದಾರೆ. ನಮ್ಮದು ವನ್ ರೂಮ್ ಕಿಚನ್. ಐದೂವರೆಗೆ ನೀರು ಬರುತ್ತದೆ, 7.42ರ ಲೋಕಲ್ ಹಿಡಿಯಬೇಕು. ಆ ಹತ್ತು ದಿನ ಸುಮ್ನೆ ಹೋಯಿತಾ?
ಓದುಗಿ, ಕಲ್ಯಾಣ

ತಂಗೀ, ನೀವು ಮಾರನೇ ದಿನದವರೆಗೆ ತಡೆದಿರಿ. ನಾನು ಕಸಾರಾ ಲೋಕಲಿನಲ್ಲೇ ಸೋತೆ.

1996ರ ಚಳಿಗಾಲ. ಹತ್ತು ದಿನ ಮೌನ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಮೊದಲ ಮೂರೂವರೆ ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬಂದು ಹೋಗುವುದನ್ನು ನೋಡುವುದೇ ಕೆಲಸ. ನಾಲ್ಕನೇ ದಿನ ವಿಪಶ್ಯನ ಕೊಟ್ಟರು, ಅಂದರೆ ಮೈಯ ಸಂವೇದನೆಗಳನ್ನು ಸುಮ್ನೆ ಗಮನಿಸುವ ಧ್ಯಾನ. ಹತ್ತನೇ ದಿನ ಮೈತ್ರಿ, ಎಲ್ಲ ಜೀವಿಗೂ ಒಳ್ಳೆಯದಾಗಲಿ. ಹನ್ನೊಂದನೇ ದಿನ ಜೀಪಿನಲ್ಲಿ ಘಾಟಿ ಇಳಿದು ಕಸಾರಾದಲ್ಲಿ ರೈಲು ಹತ್ತಿದೆ. ಆಸನಗಾಂವಿನಲ್ಲಿ ಒಬ್ಬ ಹಾಲಿನ ಕ್ಯಾನ್ ತಂದು ನನ್ನ ಹೆಬ್ಬೆರಳಿನ ಮೇಲೆ ಇಟ್ಟ. ಎಲ್ಲ ಜೀವಿಗೂ ಅಂದಿದ್ದ ಬಾಯಿಂದ ಏನು ಬಂತು ಅಂತ ಇಲ್ಲಿ ಬರೆಯುವ ಹಾಗಿಲ್ಲ. ಮರಾಠಿಯಲ್ಲಿ ಬಂತು ಅಂತ ಮಾತ್ರ ಹೇಳುತ್ತೇನೆ.

ಬೈದಾದ ಮೇಲೆ ಒಂದು ವಿಷಯ ಗೊತ್ತಾಯಿತು. ಬೆರಳಿನ ನೋವು ಟಿಟ್ವಾಲಾ ಬರುವ ಹೊತ್ತಿಗೆ ಹೋಗಿತ್ತು. ಮನಸ್ಸಿನಲ್ಲಿ ಮಾತ್ರ ಆ ಮನುಷ್ಯನ ಜೊತೆ ಜಗಳ ನಡೆಯುತ್ತಲೇ ಇತ್ತು. ಅವನು ಯಾವಾಗಲೋ ಇಳಿದು ಹೋಗಿದ್ದ! ಬುದ್ಧ ಇದನ್ನೇ ಎರಡು ಬಾಣ ಅಂತ ಹೇಳಿದ್ದು. ಪಾಲಿಯಲ್ಲಿರುವ ಬುದ್ಧನ ಉಪದೇಶಗಳ ಸಂಗ್ರಹ ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಬರುತ್ತದೆ. ತಿಳಿಯದವನಿಗೆ ಒಂದು ಬಾಣ ಮೈಗೆ ತಾಗುತ್ತದೆ, ಅದರ ಹಿಂದೆಯೇ ಎರಡನೆಯದು ಮನಸ್ಸಿಗೆ. ತಿಳಿದವನಿಗೂ ಮೊದಲನೆಯದು ತಾಗುತ್ತದೆ. ಬುದ್ಧನಿಗೂ ಬೆನ್ನುನೋವು ಇತ್ತು. ಎರಡನೆಯದು ಮಾತ್ರ ಇಲ್ಲ.

ನನ್ನ ದೊಡ್ಡ ಬಾಣ ಹೆಬ್ಬೆರಳಿನದಲ್ಲ. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ನಮ್ಮ ಮಿಲ್ಲು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ನನಗೆ ಬರಬೇಕಾದ ಬಾಕಿ ವರ್ಷಗಟ್ಟಲೆ ಬರಲಿಲ್ಲ. ಅದು ಮೊದಲನೇ ಬಾಣ, ನಿಜವಾದ ಬಾಣ. ಆದರೆ ಹದಿನಾಲ್ಕು ವರ್ಷ ದಿನಾ ಊಟಕ್ಕೆ ಕೂತಾಗ ಅದೇ ಕಥೆ ಹೇಳಿದೆನಲ್ಲ, ಅದನ್ನು ಯಾರು ಬಿಟ್ಟರು? ಒಂದು ರಾತ್ರಿ ಮಗಳು ಗಂಜಿಯ ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ಈಗ ಮ್ಯಾನೇಜರ್ ಬಾಗಿಲು ಹಾಕಿಕೊಳ್ಳುತ್ತಾನೆ ಅಲ್ವಾ?" ಅಂದಳು. ಕಥೆಯ ಮುಂದಿನ ಸಾಲು ಅವಳಿಗೆ ಬಾಯಿಪಾಠ ಆಗಿತ್ತು. ಇಗತ್‌ಪುರಿಗೆ ಹೆಸರು ಬರೆಸಿದ್ದು ಆ ವಾರ.

ಹಾಗಾಗಿ ನಿಮ್ಮ ಹತ್ತು ದಿನ ಹಾಳಾಗಿಲ್ಲ. ಕೂಗಾಡಿದ್ದು ನಿಮಗೆ ಗೊತ್ತಾಯಿತು, ನನಗೊಂದು ಕಾಗದವನ್ನೂ ಬರೆದಿರಿ. ಮೊದಲು ಕೂಗಾಡಿದಾಗ ಯಾರಿಗೆ ಬರೆದಿದ್ದಿರಿ?

ಎರಡು ಗಂಟೆಯ ವಿಷಯ. ಸೋಣ ಅಂತ ಒಬ್ಬ ಶ್ರೀಮಂತರ ಮನೆ ಹುಡುಗ ಭಿಕ್ಷು ಆದ. ಕಾಲಿನಲ್ಲಿ ರಕ್ತ ಬರುವವರೆಗೆ ಅತ್ತಿಂದಿತ್ತ ನಡೆಯುತ್ತಾ ಧ್ಯಾನ ಮಾಡಿದ. ಏನೂ ಸಿಗಲಿಲ್ಲ. ವಾಪಸ್ ಮನೆಗೇ ಹೋಗಿಬಿಡೋಣ ಅನ್ನಿಸಿತು. ಬುದ್ಧ ಅವನನ್ನು ಕೇಳಿದ, "ಮನೆಯಲ್ಲಿ ವೀಣೆ ನುಡಿಸುತ್ತಿದ್ದೆ ಅಲ್ವಾ? ತಂತಿ ತುಂಬಾ ಬಿಗಿದರೆ ಸ್ವರ ಬರುತ್ತಿತ್ತಾ? ಸಡಿಲ ಬಿಟ್ಟರೆ?" ನಿಮ್ಮ ತಂತಿ ಈಗ ಬಿಗಿಯಾಗಿದೆ. ನೀರು ತುಂಬುವಾಗ ಹದಿನೈದು ನಿಮಿಷ ಸಿಕ್ಕರೆ ಕೂತುಕೊಳ್ಳಿ. ಇಲ್ಲವಾದರೆ ಲೇಡೀಸ್ ಡಬ್ಬಿಯ ನಾಲ್ಕನೇ ಸೀಟು ಇದೆಯಲ್ಲ, ಅರ್ಧ ಮೈ ಹೊರಗೆ ತೂಗುವ ಸೀಟು, ಅಲ್ಲಿ ಠಾಣೆಯಿಂದ ಘಾಟ್ಕೋಪರ್‌ವರೆಗೆ ಉಸಿರು ನೋಡಿ. ಕಣ್ಣು ಮುಚ್ಚಬೇಕಾಗಿಲ್ಲ, ಪರ್ಸ್ ಹೋಗುತ್ತದೆ.

ಮಾಸ್ತರೇ, ನಮ್ಮ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ. ಡೈಪರ್ ನಾನೇ ಬದಲಿಸುತ್ತೇನೆ. ಮಾತ್ರೆ ಕೊಟ್ಟರೆ ದಿಂಬಿನ ಕೆಳಗೆ ಅಡಗಿಸಿ ಇಡುತ್ತಾರೆ. ನೋವು ಎಲ್ಲಿ ಅಂದರೆ ಹೇಳುವುದಿಲ್ಲ, ನಾದಿನಿ ಫೋನ್ ಮಾಡಿದಾಗ ಮಾತ್ರ ಅಳುತ್ತಾರೆ. ಒಮ್ಮೊಮ್ಮೆ ಬೇಗ ಹೋಗಿಬಿಡಲಿ ಅನ್ನಿಸುತ್ತದೆ. ಮೈತ್ರಿ ಧ್ಯಾನಕ್ಕೆ ಕೂತರೆ ಅವರ ಮುಖ ಬಂದ ಕೂಡಲೇ ಎಲ್ಲ ನಿಂತುಹೋಗುತ್ತದೆ. ನಾನು ಪಾಪಿಯಾ?
ಹೆಸರು ಬೇಡ, ಮುಲುಂಡ್

ಈ ಕಾಗದವನ್ನು ಮೂರು ಸಲ ಓದಿದೆ. ದಿಂಬಿನ ಕೆಳಗಿನ ಮಾತ್ರೆ ನನಗೆ ಗೊತ್ತು. ನನ್ನ ತಾಯಿ ಸೆರಗಿನ ಗಂಟಿನಲ್ಲಿ ಇಡುತ್ತಿದ್ದರು. ಒಗೆಯುವಾಗ ಬಕೆಟ್ಟಿನ ನೀರೆಲ್ಲ ಗುಲಾಬಿ ಬಣ್ಣ.

ನಿಮಗೆ ಭಿಕ್ಷುಗಳ ನಿಯಮದ ಗ್ರಂಥ ವಿನಯಪಿಟಕದ ಒಂದು ಘಟನೆ ಹೇಳಬೇಕು. ಬುದ್ಧ ತನ್ನ ಶಿಷ್ಯ ಆನಂದನ ಜೊತೆ ಭಿಕ್ಷುಗಳ ವಸತಿಗಳನ್ನು ನೋಡುತ್ತಾ ಬರುತ್ತಾನೆ. ಒಬ್ಬ ಭಿಕ್ಷು ಹೊಟ್ಟೆ ಕೆಟ್ಟು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದಾನೆ. "ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವಾ?" "ಇಲ್ಲ ಭಂತೇ. ನಾನು ಯಾರಿಗೂ ಏನೂ ಮಾಡಿದವನಲ್ಲ, ಅದಕ್ಕೆ ಅವರೂ ಬರುವುದಿಲ್ಲ." ಬುದ್ಧ ಪ್ರವಚನ ಕೊಡುವುದಿಲ್ಲ. ಆನಂದನಿಗೆ ನೀರು ತಾ ಅನ್ನುತ್ತಾನೆ. ಬುದ್ಧ ನೀರು ಹಾಕುತ್ತಾನೆ, ಆನಂದ ತೊಳೆಯುತ್ತಾನೆ. ಆಮೇಲೆ ಬುದ್ಧ ತಲೆಯ ಕಡೆ, ಆನಂದ ಕಾಲಿನ ಕಡೆ ಹಿಡಿದು ಮಂಚದ ಮೇಲೆ ಮಲಗಿಸುತ್ತಾರೆ. ನಂತರ ಎಲ್ಲರನ್ನೂ ಕರೆದು ಹೇಳಿದ ಮಾತು ಪ್ರಸಿದ್ಧ: ನನ್ನ ಸೇವೆ ಮಾಡಬೇಕು ಅನ್ನುವವನು ರೋಗಿಯ ಸೇವೆ ಮಾಡಲಿ.

ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಭಾಗ ಯಾರೂ ಹೇಳುವುದಿಲ್ಲ, ನಿಮಗೆ ಬೇಕಾಗಿರುವುದು ಅದು. ಅಲ್ಲೇ ಬುದ್ಧ ಎಂಥ ರೋಗಿಯನ್ನು ನೋಡಿಕೊಳ್ಳುವುದು ಕಷ್ಟ ಅಂತ ಐದು ಲಕ್ಷಣ ಕೊಡುತ್ತಾನೆ. ತನಗೆ ಒಗ್ಗುವುದನ್ನು ಮಾಡುವುದಿಲ್ಲ. ಮಿತಿ ಗೊತ್ತಿಲ್ಲ. ಮದ್ದು ತೆಗೆದುಕೊಳ್ಳುವುದಿಲ್ಲ. ನೋಡಿಕೊಳ್ಳುವವರಿಗೆ ತನ್ನ ರೋಗ ಹೇಗಿದೆ ಅಂತ ಇದ್ದ ಹಾಗೆ ಹೇಳುವುದಿಲ್ಲ. ನೋವು ಸಹಿಸುವುದಿಲ್ಲ. ಓದಿದಿರಲ್ಲ? ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ನಿಮ್ಮ ಅತ್ತೆಯನ್ನು ನೋಡಿ ಬರೆದ ಹಾಗಿದೆ. ಕಷ್ಟದ ರೋಗಿಯನ್ನು ಕಷ್ಟ ಅಂದರೆ ಪಾಪ ಅಲ್ಲ. ಬುದ್ಧನೇ ಅಂದಿದ್ದಾನೆ.

ಬೇಗ ಹೋಗಲಿ ಅನ್ನುವ ಯೋಚನೆ ಬರುತ್ತದೆ, ಹೋಗುತ್ತದೆ. ಮಾರನೇ ಬೆಳಿಗ್ಗೆ ನಿಮ್ಮ ಕೈ ಏನು ಮಾಡಿತು? ಡೈಪರ್ ಬದಲಿಸಿತು. ಬುದ್ಧನ ಲೆಕ್ಕದಲ್ಲಿ ಕರ್ಮ ಅಂದರೆ ಚೇತನ, ಮನಸ್ಸು ಮಾಡಿ ಮಾಡಿದ್ದು. ಸುಸ್ತಾದ ತಲೆಯೊಳಗೆ ತಾನಾಗಿ ಹಾದುಹೋದದ್ದಕ್ಕೂ ಅದಕ್ಕೂ ವ್ಯತ್ಯಾಸ ಇದೆ.

ಮೈತ್ರಿಯನ್ನು ನೀವು ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದ್ದೀರಿ. ಹಳೆಯ ಕ್ರಮದಲ್ಲಿ ಮೊದಲು ತನಗೆ, ಆಮೇಲೆ ಇಷ್ಟದವರಿಗೆ, ಆಮೇಲೆ ಬೇಕೂ ಅಲ್ಲದ ಬೇಡವೂ ಅಲ್ಲದ ಯಾರಿಗೋ, ಕೊನೆಗೆ ಕಷ್ಟ ಕೊಡುವವರಿಗೆ. ಆರು ತಿಂಗಳು ನಿಮಗೊಬ್ಬರಿಗೇ ಮಾಡಿಕೊಳ್ಳಿ. ಅತ್ತೆ ಎಲ್ಲಿಗೂ ಹೋಗುವುದಿಲ್ಲ. (ಕ್ಷಮಿಸಿ, ಬಾಯಿ ತಪ್ಪಿತು.)

ಇನ್ನೊಂದು. ತಲೆಯ ಕಡೆ ಒಬ್ಬರು, ಕಾಲಿನ ಕಡೆ ಒಬ್ಬರು. ಬುದ್ಧ ಕೂಡ ಆ ಭಿಕ್ಷುವನ್ನು ಒಬ್ಬನೇ ಎತ್ತಲಿಲ್ಲ. ಮುಂದಿನ ಸಲ ನಾದಿನಿಯ ಫೋನ್ ಬಂದಾಗ ಅತ್ತೆಯ ಅಳು ಮುಗಿದ ಮೇಲೆ ಫೋನ್ ನೀವು ತೆಗೆದುಕೊಳ್ಳಿ. ತಿಂಗಳಿಗೆ ನಾಲ್ಕು ದಿನ ಬಂದು ಇರಲು ಹೇಳಿ. ಆಗದಿದ್ದರೆ ರಾತ್ರಿಯ ಆಯಾಬಾಯಿಯ ಸಂಬಳ ಕೊಡಲಿ. ಗಂಡನಿಗೂ ಕೈ ಇದೆ ಅಂತ ನಂಬಿದ್ದೇನೆ.

ಮಾಸ್ತರೇ, ನನ್ನನ್ನು ನೀವು ಮರೆತಿರಬಹುದು. 1979ರಲ್ಲಿ ಮುಂಬಯಿ ಕೋಟೆಯ (ಫೋರ್ಟ್) ರಾತ್ರಿಶಾಲೆಯಲ್ಲಿ ನಿಮ್ಮ ಹತ್ತಿರ ಎಂಟನೇ ಕ್ಲಾಸು. ಆಗ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ. ಈಗ ಠಾಣೆಯಲ್ಲಿ ನನ್ನದೇ ಬಾರ್ ಎಂಡ್ ರೆಸ್ಟೋರೆಂಟ್, ಹದಿನೆಂಟು ಜನ ಕೆಲಸಕ್ಕಿದ್ದಾರೆ. ಹೆಂಡತಿಯ ಜೊತೆ ಗೋರಾಯಿ ಪಗೋಡಕ್ಕೆ ಹೋದವನು ಪಂಚಶೀಲ ಕೇಳಿದೆ. ಐದನೆಯದು ಮದ್ಯ ಬಿಡುವುದು. ನಾನು ಒಂದು ಹನಿ ಮುಟ್ಟುವುದಿಲ್ಲ, ಆದರೆ ಮಾರುತ್ತೇನೆ. ನಾನು ಪಂಚಶೀಲ ತೆಗೆದುಕೊಳ್ಳಬಹುದಾ? ನಿಜ ಹೇಳಿ, ಸಮಾಧಾನ ಹೇಳಬೇಡಿ.
ಹಳೇ ವಿದ್ಯಾರ್ಥಿ, ಠಾಣೆ

ಮರೆತಿಲ್ಲ ಮಗಾ. ನೀನು ರಾತ್ರಿ ಎಂಟೂವರೆಗೆ ಬರುತ್ತಿದ್ದೆ. ಕೈಬೆರಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು, ಪೆನ್ಸಿಲ್ ಜಾರುತ್ತಿತ್ತು. ಅಂಥ ಕೈ ಇದ್ದವರು ಕ್ಲಾಸಿನಲ್ಲಿ ಹನ್ನೆರಡು ಜನ. ನೀನು ಯಾರು ಅಂತ ಸರಿಯಾಗಿ ಗೊತ್ತಾಗದಿದ್ದರೂ ಅವರಲ್ಲಿ ಒಬ್ಬ.

ನಿಜ ಹೇಳು ಅಂದಿದ್ದೀಯ. ಹೇಳುತ್ತೇನೆ. ಉಪದೇಶಗಳ ಇನ್ನೊಂದು ಸಂಗ್ರಹ ಅಂಗುತ್ತರ ನಿಕಾಯದಲ್ಲಿ ಬುದ್ಧ ಗೃಹಸ್ಥರಿಗೆ ಐದು ವ್ಯಾಪಾರ ಬೇಡ ಅಂದಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮದ್ಯ ನಾಲ್ಕನೆಯದು. ಅದರಲ್ಲಿ ತಪ್ಪಿಸಿಕೊಳ್ಳುವ ಕಿಂಡಿ ಇಲ್ಲ. 'ಮಾರುವವನು ಕುಡಿಯದಿದ್ದರೆ ಪರವಾಗಿಲ್ಲ' ಅಂತ ಎಲ್ಲೂ ಬರೆದಿಲ್ಲ. ನಾನು ಹುಡುಕಿದ್ದೇನೆ. ಯಾಕೆ ಹುಡುಕಿದೆ ಅಂದರೆ, ನಿನ್ನಂಥವರ ದುಡ್ಡಿನಲ್ಲೇ ನಮ್ಮ ಶಾಲೆಯ ನೋಟ್‌ಪುಸ್ತಕ, ದೀಪದ ಬಿಲ್ಲು, ವಾರ್ಷಿಕೋತ್ಸವದ ಯಕ್ಷಗಾನ ಎಲ್ಲ ನಡೆಯಿತು. ಗಲ್ಲೆಯ ದುಡ್ಡು ಎಲ್ಲಿಂದ ಬಂತು ಅಂತ ಮಾಸ್ತರು ಆಗ ಕೇಳಲಿಲ್ಲ. ಈಗ ಕೇಳಿದರೆ ಮರ್ಯಾದೆ ಅಲ್ಲ.

ಪಂಚಶೀಲದ ಐದನೆಯ ಮಾತು ನೀನು ಕುಡಿಯುವುದರ ಬಗ್ಗೆ. ಅದನ್ನು ನೀನು ಈಗಾಗಲೇ ಪಾಲಿಸುತ್ತಿದ್ದೀಯ. ಹಾಗಾಗಿ ತೆಗೆದುಕೋ, ಯಾರೂ ತಡೆಯುವುದಿಲ್ಲ. ವ್ಯಾಪಾರದ ಮಾತು ಅಷ್ಟಾಂಗ ಮಾರ್ಗದಲ್ಲಿ ಬೇರೆಯಾಗಿ ಬರುತ್ತದೆ, ಸಮ್ಯಕ್ ಆಜೀವ, ಸರಿಯಾದ ಜೀವನೋಪಾಯ ಅಂತ. ಅದು ನಿನಗೆ ಚುಚ್ಚುತ್ತಾ ಇರುತ್ತದೆ. ಚುಚ್ಚಲಿ. ಆ ಮುಳ್ಳನ್ನು ಪಗೋಡಕ್ಕೆ ದೊಡ್ಡ ದಾನ ಕೊಟ್ಟು ಮೊಂಡು ಮಾಡಬೇಡ. ನಮ್ಮವರಿಗೆ ಈ ಅಭ್ಯಾಸ ಜಾಸ್ತಿ. ಒಂದು ಕಡೆ ಡ್ರೈ ಡೇಗೆ ಹಿಂದಿನ ಬಾಗಿಲು, ಇನ್ನೊಂದು ಕಡೆ ಊರಿನ ದೇವಸ್ಥಾನಕ್ಕೆ ಬೆಳ್ಳಿಯ ಬಾಗಿಲು.

ನಾಳೆಯೇ ಶಟರ್ ಎಳೆ ಅಂತ ಹೇಳುವ ಧೈರ್ಯ ನನಗಿಲ್ಲ. ಹದಿನೆಂಟು ಜನರ ಊಟದ ಪ್ರಶ್ನೆ, ಅವರಲ್ಲಿ ಹತ್ತು ಜನ ಊರಿಗೆ ದುಡ್ಡು ಕಳಿಸುವವರು. ಒಂದು ಕೆಲಸ ಮಾಡು. ಒಂದು ತಿಂಗಳು ಗಲ್ಲೆಯಲ್ಲಿ ಕೂತು ಸುಮ್ನೆ ನೋಡು. ದಿನಾ ಏಳಕ್ಕೆ ಬಂದು ಮೂಲೆಯ ಟೇಬಲ್ ಹಿಡಿಯುವ ಗಿರಾಕಿ ಇರುತ್ತಾನಲ್ಲ, ಅವನನ್ನು ನೋಡು. ಮೊದಲ ಕ್ವಾರ್ಟರ್ ಆಗುವಾಗ ಅವನ ಮುಖ, ಮೂರನೆಯದಕ್ಕೆ ವೇಟರ್ ಕೇಳದೆ ಗ್ಲಾಸು ತುಂಬುವಾಗ ನಿನ್ನ ಮುಖ. ಚಕಣಾದಲ್ಲಿ (ಕುಡಿಯುವಾಗ ಕೊಡುವ ತಿಂಡಿ) ಉಪ್ಪು ಯಾಕೆ ಜಾಸ್ತಿ ಹಾಕಿಸುತ್ತೀಯ, ಅದೂ ನಿನಗೆ ಗೊತ್ತು. ಇದೂ ಧ್ಯಾನವೇ, ಆದರೆ ಹಿತವಾಗಿರುವುದಿಲ್ಲ.

ಕೋಲಿಯ ಕುಲದ ದೀಘಜಾಣು ಅಂತ ಒಬ್ಬ ಬುದ್ಧನ ಹತ್ತಿರ ಬಂದು ನಿನ್ನ ಹಾಗೆಯೇ ಬಿಚ್ಚಿ ಕೇಳಿದ್ದ. ನಾವು ಹೆಂಡತಿ ಮಕ್ಕಳ ಗದ್ದಲದಲ್ಲಿ ಇರುವವರು, ಕಾಶಿಯ ಗಂಧ ಹಚ್ಚುವವರು, ಚಿನ್ನ ಬೆಳ್ಳಿ ಮುಟ್ಟುವವರು, ನಮಗೇನು ಹೇಳುತ್ತೀರಿ ಅಂತ. ಬುದ್ಧ ಅವನಿಗೆ ದುಡ್ಡು ಬಿಡು ಅನ್ನಲಿಲ್ಲ. ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಹವಾಸ ಮಾಡು, ತಕ್ಕಡಿ ಹಿಡಿದವನ ಹಾಗೆ ಆದಾಯ ಖರ್ಚು ತೂಗಿಸಿ ಬದುಕು ಅಂದ. ಹೆಚ್ಚು ಖರ್ಚಿನವನನ್ನು ಅತ್ತಿ ಹಣ್ಣು ತಿನ್ನುವವನು ಅಂತ ಕರೆದ. ನಾಲ್ಕು ಹಣ್ಣಿಗೆ ಇಡೀ ಮರ ಅಲ್ಲಾಡಿಸುವವನು. ಈ ತಕ್ಕಡಿ ತೆಗೆದುಕೊಂಡು ಕೂರು. ಮದ್ಯದ ಲೈಸೆನ್ಸ್ ಬಿಟ್ಟು ಬರೀ ಊಟದ ಹೋಟೆಲು ನಡೆಸಿದರೆ ಮನೆಗೆ ಎಷ್ಟು ಉಳಿಯುತ್ತದೆ, ಎಷ್ಟು ಸಾಕು, ಪೆನ್ನು ಹಿಡಿದು ಬರೆ. ನಿನ್ನ ಜೊತೆಯಲ್ಲೇ ಓದಿದ ಒಬ್ಬ ವಾಶಿಯಲ್ಲಿ ಹೀಗೆ ಲೆಕ್ಕ ಹಾಕಿ ಎರಡು ವರ್ಷಕ್ಕೆ ಬಾರ್ ಬಿಟ್ಟ. ಆದಾಯ ಅರ್ಧ ಆಯಿತು. ನೆಮ್ಮದಿ ಬಂತಾ ಅಂತ ಕೇಳಿದೆ. "ಇಲ್ಲ ಮಾಸ್ತರೇ, ಈಗ ಇಡ್ಲಿ ಹಿಟ್ಟಿನ ಚಿಂತೆ" ಅಂದ.

ಲೆಕ್ಕ ಆದ ಮೇಲೆ ನನಗೆ ತೋರಿಸು. ಎಂಟನೇ ಕ್ಲಾಸಿನಲ್ಲಿ ನಿನ್ನ ಗಣಿತ ಹೇಗಿತ್ತು ಅಂತ ಗೊತ್ತಿಲ್ಲ.

ನಾವು ಮಂಗಳೂರಿನವರು. ಊರಿನಲ್ಲಿ ದೈವ ಇದೆ, ಪ್ರತಿ ವರ್ಷ ಕೋಲ. ನಾನು ಬುದ್ಧನ ಧ್ಯಾನ ಮಾಡಿದರೆ ದೈವಕ್ಕೆ ದ್ರೋಹ ಆಗುತ್ತದಾ?
ಓದುಗರು, ಬೊರಿವಲಿ

ಉಪಾಲಿ ಅಂತ ನಾಲಂದಾದ ಒಬ್ಬ ದೊಡ್ಡ ಗೃಹಸ್ಥ ಇದ್ದ. ನಿಗಂಠ ನಾತಪುತ್ತನ, ಅಂದರೆ ಜೈನರ ಮಹಾವೀರನ ಅನುಯಾಯಿ. ವಾದ ಮಾಡಲು ಬಂದವನು ಬುದ್ಧನಿಗೇ ಒಲಿದ. ಇಂದಿನಿಂದ ನಾನು ನಿಮ್ಮವನು ಅಂದ. ಬುದ್ಧ ಹೇಳಿದ್ದು: ನಿಧಾನ, ಚೆನ್ನಾಗಿ ಯೋಚಿಸು. ಉಪಾಲಿ ಪಟ್ಟು ಬಿಡಲಿಲ್ಲ. ಆಗ ಬುದ್ಧ ಅಂದ, ನಿನ್ನ ಮನೆ ಬಹಳ ಕಾಲದಿಂದ ನಿಗಂಠರಿಗೆ ಬಾವಿಯ ಹಾಗೆ ಇದೆ, ಅವರು ಬಂದರೆ ಅನ್ನ ಕೊಡುವುದನ್ನು ನಿಲ್ಲಿಸಬೇಡ.

ಇನ್ನು ನಿಮ್ಮ ಮಂಗಳೂರು. ಕದ್ರಿ ಮಂಜುನಾಥನ ದೇವಸ್ಥಾನಕ್ಕೆ ಹೋಗಿರುತ್ತೀರಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಒಮ್ಮೆ ನಿಂತು ನೋಡಿ. ಆಳುಪ ರಾಜ ಕುಂದವರ್ಮ 968ರಲ್ಲಿ ಇಡಿಸಿದ್ದು ಅಂತ ಪೀಠದ ಶಾಸನದಲ್ಲಿದೆ, ಜಾಗದ ಹೆಸರು ಕದರಿಕಾ ವಿಹಾರ. ವಿಹಾರ ಅಂದರೆ ಬೌದ್ಧರ ಮಠ ಅಂತ ನಾನು ಬಿಡಿಸಿ ಹೇಳಬೇಕಾ? ನಿಮ್ಮ ಅಜ್ಜಿ ಅಜ್ಜಂದಿರು ಇಬ್ಬರಿಗೂ ಕೈ ಮುಗಿದು ಬದುಕಿದವರು. ಕೋಲಕ್ಕೆ ಹೋಗಿ ಬನ್ನಿ.

ಸರ್, ನಾನು ಪುಣೆಯಲ್ಲಿ ಬಿ.ಎ. ಎರಡನೇ ವರ್ಷ. ಅಜ್ಜ ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಾವು ಬೌದ್ಧರು. ಕಾಲೇಜಿನ ಗೆಳತಿಯರು ವಿಪಶ್ಯನಕ್ಕೆ ಕರೆಯುತ್ತಿದ್ದಾರೆ. ಅಪ್ಪ ಬೇಡ ಅನ್ನುತ್ತಾರೆ. ಬಾಬಾಸಾಹೇಬರು ನಮಗೆ ಬುದ್ಧನನ್ನು ಕೊಟ್ಟದ್ದು ಕಣ್ಣು ಮುಚ್ಚಿ ಕೂರಲಿಕ್ಕಲ್ಲ ಅಂತ ಅವರ ಮಾತು. ಯಾರು ಸರಿ? ಇನ್ನೊಂದು ಪ್ರಶ್ನೆ. ನಿಮ್ಮ ಅಂಕಣದಲ್ಲಿ ಬಾಬಾಸಾಹೇಬರ ಹೆಸರು ಒಮ್ಮೆಯೂ ಬಂದಿಲ್ಲ, ಯಾಕೆ?
ವಿದ್ಯಾರ್ಥಿನಿ, ಯೆರವಡಾ

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ತಪ್ಪು ನನ್ನದು. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ, ಎರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ನಾನು ಬುದ್ಧನ ಹತ್ತಿರ ಬಂದದ್ದು ಚಾಪೆಯ ಮೇಲೆ ಕೂತು. ಅವಮಾನದ ದಾರಿಯಲ್ಲಿ ನಡೆದು ಬರಬೇಕಾಗಿರಲಿಲ್ಲ. ಹಾಗಾಗಿ ಆ ದಾರಿ ಕಣ್ಣಿಗೆ ಬೀಳಲಿಲ್ಲ. ಇದು ನೆಪ ಅಲ್ಲ, ಕಾರಣ.

ಕಣ್ಣಿಗೆ ಬೀಳಬೇಕಾಗಿತ್ತು. ನಾನು ಮಿಲ್ಲಿನವನು. ಹಿಂದೆ ಮುಂಬಯಿ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ನಿಮ್ಮವರನ್ನು ಸೇರಿಸುತ್ತಿರಲಿಲ್ಲ. ನೂಲು ಕಡಿದರೆ ಬಾಯಿಯಿಂದ ಎಳೆದು ಜೋಡಿಸಬೇಕು, ಎಂಜಲು ತಾಗುತ್ತದೆ ಅಂತ. ಸಂಬಳ ಜಾಸ್ತಿ ಇದ್ದದ್ದು ಆ ಖಾತೆಗೇ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಮಾತು ಎತ್ತಿದರು. ನಾನು ಕೆಲಸಕ್ಕೆ ಸೇರಿದಾಗ ಮುದುಕ ಜಾಬರ್ (ಕೆಲಸಗಾರರ ಮೇಸ್ತ್ರಿ) ಒಬ್ಬ ಇದನ್ನು ನಗುತ್ತಾ ಹೇಳಿದ್ದ. ನಾನೂ ನಕ್ಕಿದ್ದೆ ಅಂತ ಕಾಣುತ್ತದೆ.

ಈಗ ಮೊದಲ ಪ್ರಶ್ನೆ. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಭಿಕ್ಷು ಚಂದ್ರಮಣಿಯವರಿಂದ ತ್ರಿಶರಣ, ಪಂಚಶೀಲ ತೆಗೆದುಕೊಂಡರು. ಆಮೇಲೆ ಲಕ್ಷಾಂತರ ಜನಕ್ಕೆ ತಾವೇ 22 ಪ್ರತಿಜ್ಞೆ ಕೊಟ್ಟರು. ಎರಡು ತಿಂಗಳೂ ತುಂಬಲಿಲ್ಲ, ಡಿಸೆಂಬರ್ 6ಕ್ಕೆ ತೀರಿಕೊಂಡರು. ಮರುವರ್ಷ ಬಂದ ಅವರ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಾರಣವೇ ಬೇರೆ. ಮುದುಕ, ರೋಗಿ, ಹೆಣ, ಸನ್ಯಾಸಿಯನ್ನು ನೋಡಿ ಹೋದ ಅನ್ನುವ ಕಥೆಯನ್ನು ಅವರು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದವನು ಅಲ್ಲಿವರೆಗೆ ಒಬ್ಬ ಮುದುಕನನ್ನೂ ನೋಡಿರಲಿಲ್ಲವಾ ಅಂತ ಅವರ ಆಕ್ಷೇಪ. ಅವರ ಪ್ರಕಾರ, ಸಿದ್ಧಾರ್ಥನ ಕುಲದ ಶಾಕ್ಯರಿಗೂ ನೆರೆಯ ಕೋಲಿಯರಿಗೂ ರೋಹಿಣಿ ನದಿಯ ನೀರಿನ ಜಗಳ. ಯುದ್ಧ ಬೇಡ ಅಂದ ಸಿದ್ಧಾರ್ಥ ಊರು ಬಿಡಬೇಕಾಯಿತು. ನೀರಿನ ಜಗಳ ಅಂದರೆ ಏನು ಅಂತ ಕನ್ನಡದವರಿಗೆ ವಿವರಿಸಬೇಕಾಗಿಲ್ಲ.

ಅಂದರೆ ನಿಮ್ಮ ಅಪ್ಪನ ಬುದ್ಧ ಜನರ ನಡುವಿನ ದುಃಖ ನೋಡಿ ಹೊರಟವನು. ಅಪ್ಪನ ಭಯಕ್ಕೂ ಅರ್ಥ ಇದೆ. ಈ ಪುಟದ ಮೇಲೆ ನಾನೇ ಎರಡನೇ ಬಾಣದ ಬಗ್ಗೆ ಉದ್ದಕ್ಕೆ ಬರೆದಿದ್ದೇನೆ. ಅದನ್ನು ಓದಿ ಯಾರಾದರೂ, ಅವಮಾನ ಆದರೆ ಅದು ನಿನ್ನ ಮನಸ್ಸಿನ ಸಂವೇದನೆ ಮಾತ್ರ, ಬಿಟ್ಟುಬಿಡು ಅಂತ ನಿಮಗೆ ಹೇಳಬಹುದು. ಆಗ ಎದ್ದು ಬನ್ನಿ. ಮೊದಲ ಬಾಣ ತಾನಾಗಿ ಆಕಾಶದಿಂದ ಬೀಳುವುದಿಲ್ಲ, ಯಾರೋ ಬಿಟ್ಟಿರುತ್ತಾರೆ. ಯಾರು ಅಂತ ಕೇಳುವುದು, ಬಿಲ್ಲು ಕಸಿದುಕೊಳ್ಳುವುದು ಧಮ್ಮಕ್ಕೆ ಹೊರಗಿನ ಕೆಲಸ ಅಲ್ಲ. ನನ್ನ ಮಿಲ್ಲಿನ ಬಾಕಿಯ ಕೇಸನ್ನು ನಾನು ಇಗತ್‌ಪುರಿಯಿಂದ ಬಂದ ಮೇಲೂ ಬಿಡಲಿಲ್ಲ. ಊಟದ ಹೊತ್ತಿನ ಕಥೆ ಮಾತ್ರ ಬಿಟ್ಟೆ. ಹೆಬ್ಬೆರಳಿನ ವಿಷಯದಲ್ಲೂ ಹಾಗೆ, ಕ್ಯಾನ್ ಸರಿಸು ಅಂತ ಹೇಳುವುದು ತಪ್ಪಾಗಿರಲಿಲ್ಲ.

ಹೋಗಬೇಕು ಅನ್ನಿಸಿದರೆ ಹೋಗಿ. ಫೀಸು ಇಲ್ಲ. ಆದರೆ ಅದಕ್ಕೂ ಮೊದಲು ಅಪ್ಪನ ಜೊತೆ ಕೂತು 22 ಪ್ರತಿಜ್ಞೆ ಓದಿ. ಅಷ್ಟಾಂಗ ಮಾರ್ಗ ಅನುಸರಿಸುತ್ತೇನೆ ಅನ್ನುವುದೂ ಅದರಲ್ಲಿದೆ. ಆ ಎಂಟರಲ್ಲಿ ಸಮ್ಯಕ್ ಸ್ಮೃತಿ, ಸಮ್ಯಕ್ ಸಮಾಧಿ ಕೊನೆಯ ಎರಡು, ಅಂದರೆ ಧ್ಯಾನವೇ. ಅಪ್ಪ ಏನು ಹೇಳುತ್ತಾರೆ ಅಂತ ನನಗೆ ಬರೆಯಿರಿ. ಅವರೇ ಬರೆದರೆ ಇನ್ನೂ ಒಳ್ಳೆಯದು. ಮುಂದಿನ ತಿಂಗಳು ಈ ಜಾಗ ಅವರಿಗೆ ಕೊಡಿ ಅಂತ ಸಂಪಾದಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ನನ್ನನ್ನು ಸರ್ ಅನ್ನಬೇಡಿ, ಮಾಸ್ತರು ಸಾಕು.

ಮಕ್ಕಳಿಗೆ ರಜೆ. ಬುದ್ಧನಿಗೆ ಸಂಬಂಧಪಟ್ಟ ಒಂದು ದಿನದ ಪ್ರವಾಸ ಎಲ್ಲಿಗೆ ಮಾಡಬಹುದು? ಭಾಷಣ ಬೇಡ ಅಂತ ಮಗ ಹೇಳುತ್ತಿದ್ದಾನೆ.
ಓದುಗಿ, ಐರೋಲಿ

ಕಾನ್ಹೇರಿ ನಿಮಗೆ ಹತ್ತಿರ, ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಕಲ್ಲಿನಲ್ಲೇ ಕೊರೆದ ನೀರಿನ ತೊಟ್ಟಿಗಳನ್ನು ಮಗನಿಗೆ ತೋರಿಸಿ. ಆದರೆ ನಾನು ಹೇಳುವುದು ಕಾರ್ಲಾ ಗುಹೆ. ಲೋನಾವಳದಲ್ಲಿ ಇಳಿದು ಪುಣೆ ಲೋಕಲ್ ಹಿಡಿದರೆ ಮಳವಲಿ ಮುಂದಿನ ಸ್ಟೇಷನ್. ಅಲ್ಲಿಂದ ರಿಕ್ಷಾ, ಆಮೇಲೆ ಮೆಟ್ಟಿಲು.

ಅಲ್ಲಿನ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನೆಯ ಗುಹೆಯ, ಚಾವಣಿಗೆ ಮರದ ಪಕ್ಕೆಲುಬುಗಳಿವೆ. ಸುಮಾರು ಎರಡು ಸಾವಿರ ವರ್ಷದ ಮರ, ಇನ್ನೂ ಇದೆ. ಮಗನಿಗೆ ಎಣಿಸಲು ಹೇಳಿ, ಭಾಷಣ ಬೇಕಾಗುವುದಿಲ್ಲ. ಮುಂಭಾಗದ ವರಾಂಡದಲ್ಲಿ ಬ್ರಾಹ್ಮಿ ಲಿಪಿಯ ಒಂದು ಸಾಲು ಇದೆ. ವೈಜಯಂತಿಯ ಸೇಠಿ ಭೂತಪಾಲ ಈ ಕಲ್ಲುಮನೆ ಮುಗಿಸಿದ, ಇಡೀ ಜಂಬೂದ್ವೀಪದಲ್ಲೇ ಉತ್ತಮವಾದದ್ದು ಅಂತ. ವೈಜಯಂತಿ ಅಂದರೆ ನಮ್ಮ ಬನವಾಸಿ. ಶಿರಸಿ ಹತ್ತಿರದ ವ್ಯಾಪಾರಿಯೊಬ್ಬ ಘಟ್ಟದ ಮೇಲೆ ಇಷ್ಟು ದೂರ ಬಂದು, ದುಡ್ಡು ಹಾಕಿ, ಕೆಲಸ ಮುಗಿಸಿ, 'ಇದಕ್ಕಿಂತ ಒಳ್ಳೆಯದು ಎಲ್ಲೂ ಇಲ್ಲ' ಅಂತ ಕಲ್ಲಿನಲ್ಲಿ ಬರೆಸಿದ್ದಾನೆ. ಅಹಂಕಾರ ಬಿಡಿ ಅಂದ ಬುದ್ಧನ ಮನೆ ಬಾಗಿಲಲ್ಲೇ! ನನಗೆ ಈ ಮನುಷ್ಯನನ್ನು ಕಂಡರೆ ಇಷ್ಟ.

ಭಾನುವಾರ ಬೇಡ. ಗುಹೆಯ ಎದುರಿಗೇ ಏಕವೀರಾ ದೇವಿಯ ಗುಡಿ, ಮೀನುಗಾರರ ಕೋಳಿ ಸಮಾಜದವರು ವಾದ್ಯದ ಜೊತೆ ಬರುತ್ತಾರೆ, ಜಾತ್ರೆಯ ಹಾಗೆ ಜನ. ಮಂಗಳವಾರವೂ ಗದ್ದಲ. ಬುಧವಾರ ಬೆಳಿಗ್ಗೆ ಹೋಗಿ. ಚಪ್ಪಲಿ ಗಟ್ಟಿ ಇರಲಿ. ಬಾಳೆಹಣ್ಣು ಕೈಯಲ್ಲಿ ಹಿಡಿಯಬೇಡಿ, ಮಂಗಗಳಿವೆ.